ಟೈಲ್ಸ್ ಕೆಲಸ, ಮಂಡಿಚಿಪ್ಪಿನ ಮೇಲೆ ಊತ

ನೆಲಕ್ಕೆ ಟೈಲ್ಸ್ ಹಾಕುವ ಕೆಲಸ, ಮಂಡಿಚಿಪ್ಪಿನ ಮೇಲೆ ಮೆತ್ತಗೆ ಊದಿದೆ, ಮಂಡಿಯೂರಿದರೆ ಮಾತ್ರ ನೋವು, ಏನು ಮಾಡಲಿ ಅಂತ ಕೇಳಿದಿರಿ. ಬಹುಶಃ ಬರ್ಸೈಟಿಸ್: ಚರ್ಮಕ್ಕೂ ಚಿಪ್ಪಿಗೂ ನಡುವಿನ ಸಣ್ಣ ಚೀಲ ಒತ್ತಡಕ್ಕೆ ನೀರು ತುಂಬಿಕೊಂಡಿರುತ್ತದೆ. ನೆಲದ ಕೆಲಸದವರಿಗೆ ಮಾಮೂಲು, ಆದರೆ ಕೈಯಿಟ್ಟು ನೋಡದೆ ಖಚಿತ ಹೇಳಲಾಗದು.

ಜಾಗ ಕೆಂಪಾಗಿ ಬಿಸಿಯಿದ್ದರೆ, ಜ್ವರವಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಕೀವಾಗಿರಬಹುದು. ಬೆಂಗಳೂರಿನ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ ಸರ್ಕಾರದ್ದೇ, ಮೂಳೆ ಚಿಕಿತ್ಸೆಗೆಂದೇ ಇರುವುದು.

ಕೆಂಪು, ಬಿಸಿ, ಜ್ವರ ಯಾವುದೂ ಇಲ್ಲವಾದರೆ ಊತ ಇಳಿಯುವವರೆಗೆ ಮಂಡಿಯೂರಬೇಡಿ. ಮೇಸ್ತ್ರಿಗೆ ಹೇಳಿ ಕಟಿಂಗ್ ಅಥವಾ ಗೋಡೆ ಕೆಲಸ ತಗೊಳ್ಳಿ (ಗೊಣಗುತ್ತಾರೆ, ಗೊಣಗಲಿ). ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ, ದಿನಕ್ಕೆ ಮೂರು ಸಲ ಇಡಿ.

ಮತ್ತೆ ನೆಲಕ್ಕೆ ಕೂರುವಾಗ ದಪ್ಪ ನೀ-ಪ್ಯಾಡ್ (ಮಂಡಿಗೆ ಕಟ್ಟುವ ಮೆತ್ತೆ) ಕಟ್ಟಿ. ಮಡಚಿದ ಸಿಮೆಂಟ್ ಚೀಲ ಸಾಲದು, ಅದರ ಪುಡಿ ಚರ್ಮ ಕೆಡಿಸುತ್ತದೆ. ಪ್ಯಾಡಿನ ಪಟ್ಟಿ ಮಂಡಿಯ ಹಿಂದೆ ಬಿಗಿಯಾಗಬಾರದು. ಆಗಾಗ ಎದ್ದು ಕಾಲು ಚಾಚಿ. ಎರಡು ವಾರದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.