ಮೆದುಳಿನ ಗಡ್ಡೆಗೆ ನ್ಯಾನೊ ಔಷಧಿ: ಕೊನೆ ಭಾಗಕ್ಕೆ ಮುಟ್ಟುತ್ತದಾ?

ಪ್ರಶ್ನೆ: ನಮ್ಮದು ಮಾನ್ವಿ ಹತ್ತಿರದ ಹಳ್ಳಿ. ಅಣ್ಣನಿಗೆ 52 ವರ್ಷ. ಮೆದುಳಲ್ಲಿ ಗ್ಲಿಯೊಬ್ಲಾಸ್ಟೋಮಾ ಗಡ್ಡೆ. ಬೆಂಗಳೂರಲ್ಲಿ ಆಪರೇಷನ್, ರೇಡಿಯೇಷನ್ ಎರಡೂ ಮುಗಿದಿವೆ, ಈಗ ಟೆಮೊಜೊಲೊಮೈಡ್ ಅನ್ನೋ ಕ್ಯಾನ್ಸರ್ ಮಾತ್ರೆ ನಡೆದಿದೆ. ನ್ಯಾನೊ ಕಣದ ಔಷಧಿ ಗಡ್ಡೆಯನ್ನೇ ಹುಡುಕಿ ಕರಗಿಸುತ್ತದೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಬಂತು. ಒಬ್ಬರು 2 ಲಕ್ಷಕ್ಕೆ 'ನ್ಯಾನೊ ಹನಿ' ಕೊಡುತ್ತೇನೆ ಅನ್ನುತ್ತಿದ್ದಾರೆ. ಹೊಲ ಅಡ ಇಡೋಣವಾ?

ಉತ್ತರ: ಹೊಲ ಅಡ ಇಡಬೇಡಿ. ಉಳಿದದ್ದು ಆಮೇಲೆ.

ನ್ಯಾನೊ ಅನ್ನೋದು ಸುಳ್ಳಲ್ಲ. ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊರುಬಿಸಿನ್ ಅನ್ನೋ ಕ್ಯಾನ್ಸರ್ ಮದ್ದು ತುಂಬಿದ ಔಷಧಿಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಬೇರೆ ಕ್ಯಾನ್ಸರಿಗೆ. ಆ ಗುಳ್ಳೆ ಎಷ್ಟು ಸಣ್ಣದು ಅಂದರೆ ಒಂದು ತಲೆಕೂದಲಿನ ಅಗಲಕ್ಕೆ ನೂರಾರು ಸಾಲಾಗಿ ಕೂರುತ್ತವೆ.

ಮೆದುಳಿನದು ಬೇರೆ ಕಥೆ. ಮಾನ್ವಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂತ ಪೇಪರಲ್ಲಿ ಬರುತ್ತದೆ, ಕೊನೆ ಭಾಗದ ಗದ್ದೆಗೆ ಬಂತಾ ಅನ್ನೋದು ಬೇರೆ ಮಾತು, ಅಲ್ವಾ? ರಕ್ತಕ್ಕೆ ಬಿಟ್ಟ ನ್ಯಾನೊ ಕಣಗಳನ್ನು ದಾರಿಯಲ್ಲೇ ಲಿವರು, ಗುಲ್ಮ ಕುಡಿದುಬಿಡುತ್ತವೆ. ಹತ್ತು ವರ್ಷದ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ಇಟ್ಟು ನೋಡಿದರೆ, ಅವೂ ಹೆಚ್ಚಾಗಿ ಇಲಿಗಳ ಮೇಲಿನವು, ಗಡ್ಡೆಗೆ ಮುಟ್ಟಿದ್ದು ಸಾಮಾನ್ಯವಾಗಿ ಶೇ 0.7 ಮಾತ್ರ. ಮೆದುಳಲ್ಲಿ ತೂಬೂ ಬಿಗಿ. ಅಲ್ಲಿನ ಸಣ್ಣ ರಕ್ತನಾಳಗಳ ಕೋಶಗಳು ಸಂದಿಲ್ಲದ ಹಾಗೆ ಒತ್ತಿಕೊಂಡಿರುತ್ತವೆ, ಹೇಗೋ ನುಸುಳಿದ ಔಷಧಿಯನ್ನೂ ಪಂಪಿನ ಹಾಗೆ ವಾಪಸ್ ರಕ್ತಕ್ಕೇ ಎತ್ತಿ ಹಾಕುತ್ತವೆ. ನಿಮ್ಮ ಅಣ್ಣನ ಟೆಮೊಜೊಲೊಮೈಡ್ ತೀರಾ ಚಿಕ್ಕ ಅಣು, ಅದಕ್ಕೇ ಒಂದಷ್ಟು ದಾಟುತ್ತದೆ.

ವಿಜ್ಞಾನಿಗಳು ಸುಮ್ನೆ ಕೂತಿಲ್ಲ. ಮೆದುಳಿಗೆ ಕಬ್ಬಿಣ ಬೇಕು, ಟ್ರಾನ್ಸ್‌ಫೆರಿನ್ ಅನ್ನೋ ಪ್ರೋಟೀನ್ ಅದನ್ನು ಹೊತ್ತು ತಂದರೆ ನಾಳದ ಗೋಡೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದೇ ಪ್ರೋಟೀನನ್ನು ಕಣದ ಮೈಗೆ ಅಂಟಿಸಿ ನೋಡುತ್ತಿದ್ದಾರೆ. ಅಲ್ಟ್ರಾಸೌಂಡ್‌ನಿಂದ ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡುವುದೂ ಇದೆ. ನನಗೆ ಇದರ ಮೇಲೇ ಭರವಸೆ ಜಾಸ್ತಿ. ಆದರೆ ಇವೆಲ್ಲ ಪ್ರಯೋಗದ ಹಂತದವು, ಬಾಟಲಿಯಲ್ಲಿ ಮಾರುವಂಥವಲ್ಲ. ಹನಿಯವರಿಗೆ ಒಂದೇ ಪ್ರಶ್ನೆ ಕೇಳಿ: ಸಿಟಿಆರ್‌ಐ (ಔಷಧಿ ಪ್ರಯೋಗಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಎಷ್ಟು? ಭಾರತದಲ್ಲಿ ಔಷಧಿ ಪ್ರಯೋಗ ಮಾಡುವವರು ಅಲ್ಲಿ ನೋಂದಾಯಿಸಲೇಬೇಕು. ನಿಜವಾದ ಪ್ರಯೋಗದಲ್ಲಿ ರೋಗಿಯಿಂದ ಔಷಧಿಗೆ ಲಕ್ಷ ಕೇಳುವುದಿಲ್ಲ.

ಈಗ ಕೈಯಲ್ಲಿರುವ ಮಾತ್ರೆ ನೋಡಿ. ನುಂಗಲು ಕಷ್ಟ ಅಂತ ಒಬ್ಬ ತಾಯಿ ಮಗನಿಗೆ ಕ್ಯಾಪ್ಸೂಲ್ ಬಿಚ್ಚಿ ಮಜ್ಜಿಗೆಗೆ ಉದುರಿಸಿ ಕೊಡುತ್ತಿದ್ದರು, ಬೆರಳಿಗೆಲ್ಲ ಬಿಳಿ ಪುಡಿ! ಬಿಚ್ಚಬೇಡಿ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಇಡಿಯಾಗಿ ನುಂಗಬೇಕು, ವಾಂತಿ ತಡೆಯೋ ಮಾತ್ರೆ ಅದಕ್ಕೂ ಮೊದಲು. ರೇಡಿಯೇಷನ್ ಆದಮೇಲೆ ಸಾಮಾನ್ಯವಾಗಿ 28 ದಿನಕ್ಕೆ 5 ದಿನ ಕೊಡುತ್ತಾರೆ. ಪ್ರತಿ ಸುತ್ತಿಗೆ ಮೊದಲು ರಕ್ತ ಪರೀಕ್ಷೆ ರಾಯಚೂರಲ್ಲೇ ಮಾಡಿಸಿ. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ, ಸುತ್ತನ್ನೇ ಮುಂದಕ್ಕೆ ಹಾಕಬಹುದು. ಅವರ ಉತ್ತರ ಬರೋವರೆಗೆ ರಾತ್ರಿ ರೈಲು ಹತ್ತಬೇಡಿ.