ಯುದ್ಧದ ಮಾತೇ ಆಡದ ತಾತನ ಬಗ್ಗೆ ಏನಂತ ಬರೆಯಲಿ?

ಪ್ರಿಯ ಸೋದರಿ,

ತಾತ ತೀರಿಕೊಂಡು ಎರಡು ತಿಂಗಳಾಯಿತು, ಅವರ ನೆನಪಿಗೆ ನಮ್ಮ ಪತ್ರಿಕೆಗೊಂದು ಲೇಖನ ಬರೆಯೋಣ ಅಂತ ಕೂತರೆ ಮೊದಲ ಪ್ಯಾರಾ ದಾಟುತ್ತಿಲ್ಲ ಅಂತ ಬರೆದಿದ್ದೀರಿ. ಅವರು ಸೇನೆಯಲ್ಲಿ ಲಾರಿ ಡ್ರೈವರ್. ಪಾಕಿಸ್ತಾನದ ಜೊತೆಗಿನ 1971ರ ಯುದ್ಧದಲ್ಲಿದ್ದರು, ಆದರೆ ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಈಗ ದೊಡ್ಡಪ್ಪ ಒಂದು ಕಥೆ ಹೇಳುತ್ತಾರೆ, ಸೋದರಮಾವ ಇನ್ನೊಂದು ಹೇಳುತ್ತಾರೆ, ಎರಡರಲ್ಲೂ ತಾತ ಢಾಕಾದಲ್ಲೇ ನಿಂತಿದ್ದಾರೆ. ಗೊತ್ತಿಲ್ಲದ ಕಡೆ ಸ್ವಲ್ಪ ಕಲ್ಪಿಸಿಕೊಂಡು ಯುದ್ಧದ ದೃಶ್ಯ ಬರೆಯಬಹುದಾ ಅಂತ ನಿಮ್ಮ ಪ್ರಶ್ನೆ.

ಬೇಡ. ದಯವಿಟ್ಟು ಬೇಡ. ಬದುಕಿಡೀ ಅವರು ಬಾಯಿ ಬಿಡದ ಮಾತನ್ನು ಅವರು ಹೋದ ಮೇಲೆ ನಾವು ಹೇಳಿಸುವುದು ನನಗೆ ಸರಿ ಕಾಣುವುದಿಲ್ಲ. ಸುಮ್ಮನಿರಬೇಕು ಅಂತ ತೀರ್ಮಾನ ಮಾಡಿದ್ದು ಅವರೇ ಅಲ್ವಾ?

ನೀವು ಪತ್ರದ ಕೊನೆಯಲ್ಲಿ, ಹಾಗೇ ಸುಮ್ನೆ ಸೇರಿಸಿದಂತೆ, ಒಂದು ವಿಷಯ ಬರೆದಿದ್ದೀರಿ. ತಾತ ತಮ್ಮ ಛತ್ರಿ, ಟಾರ್ಚ್, ಸ್ಟೀಲ್ ಲೋಟ, ಕನ್ನಡಕದ ಡಬ್ಬಿ ಎಲ್ಲದರ ಮೇಲೂ ಹೆಸರು ಬರೆಯದೆ ಸರ್ವಿಸ್ ನಂಬರ್ ಬರೆದಿಡುತ್ತಿದ್ದರು, ಮೊಮ್ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲು ಆ ನಂಬರೇ ಬಾಯಿಪಾಠವಾಗಿತ್ತು ಅಂತ. ಲೇಖನ ಅಲ್ಲಿಂದಲೇ ಶುರು ಮಾಡಿ. ಲೋಟದ ತಳದಲ್ಲಿ ಮೊಳೆಯಿಂದ ಗೀರಿದ ಆ ಅಂಕಿಗಳು ಹೇಗಿವೆ, ಯಾವುದು ಓರೆಯಾಗಿದೆ, ಯಾವುದು ತೊಳೆದು ತೊಳೆದು ಸವೆದಿದೆ, ಕೈಯಲ್ಲಿ ಹಿಡಿದು ನೋಡಿ ಬರೆಯಿರಿ. ಧೈರ್ಯಶಾಲಿ, ದೇಶಭಕ್ತ ಅನ್ನುವ ಮಾತು ಯಾವ ಸೈನಿಕನಿಗೂ ಹೊಂದುತ್ತದೆ. ಆ ಲೋಟ ನಿಮ್ಮ ತಾತನದು ಮಾತ್ರ.

ಅದೇ ನಂಬರ್ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ. ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಹುಡುಕಿ, ಅವರು ಯಾವ ರೆಜಿಮೆಂಟ್ ಅಥವಾ ಕೋರ್‌ನವರು ಅಂತ ಅದರಲ್ಲಿರುತ್ತದೆ. ಜವಾನರ ಸೇವಾ ದಾಖಲೆಗೆ ಆಯಾ ರೆಜಿಮೆಂಟಿನದೇ ರೆಕಾರ್ಡ್ ಆಫೀಸ್ ಇರುತ್ತದೆ, ಅಲ್ಲಿಗೆ ಬರೆಯುವಾಗ ಹೆಸರಿಗಿಂತ ನಂಬರ್ ಮುಖ್ಯ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. (ಅಜ್ಜಿಯ ಫ್ಯಾಮಿಲಿ ಪೆನ್ಷನ್ ಇನ್ನೂ ಶುರುವಾಗಿಲ್ಲದಿದ್ದರೆ ಮೊದಲು ಅದನ್ನು ನೋಡಿ, ಲೇಖನ ಆಮೇಲೆ.)

ಟ್ರಂಕಿನಲ್ಲಿ ಪಶ್ಚಿಮಿ ಸ್ಟಾರ್ ಅನ್ನುವ ಮೆಡಲ್ ಸಿಕ್ಕಿತು, ಏನಂತ ಗೊತ್ತಾಗಲಿಲ್ಲ ಅಂದಿದ್ದೀರಿ. 1971ರಲ್ಲಿ ಪೂರ್ವದ ರಂಗದಲ್ಲಿ, ಅಂದರೆ ಢಾಕಾ ಇರುವ ಈಗಿನ ಬಾಂಗ್ಲಾದೇಶದ ಕಡೆ ಇದ್ದವರಿಗೆ ಕೊಟ್ಟಿದ್ದು ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಅಂದರೆ ತಾತ ಇದ್ದದ್ದು ಪಶ್ಚಿಮದ ಕಡೆ, ಢಾಕಾದಲ್ಲಲ್ಲ. ದೊಡ್ಡಪ್ಪನ ಮೇಲೆ ಸಿಟ್ಟಾಗಬೇಡಿ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ ಆಯಿತು, ಸುಮಾರು 93,000 ಮಂದಿ ಸೆರೆಯಾದರು, ಆ ಸುದ್ದಿಯ ಎದುರು ಬೇರೆಲ್ಲ ಸಣ್ಣದಾಗಿ ಕಂಡಿತು. ಪಶ್ಚಿಮದಲ್ಲಿ ಕದನವಿರಾಮ ಆದದ್ದು ಮಾರನೇ ದಿನ, 17ಕ್ಕೆ. ಢಾಕಾದಲ್ಲಿ ಸಹಿ ಬೀಳುವಾಗಲೂ ನಿಮ್ಮ ತಾತ ಇದ್ದ ಕಡೆ ಯುದ್ಧ ಮುಗಿದಿರಲಿಲ್ಲ. ಈ ಒಂದು ವಿಷಯ ದೊಡ್ಡಪ್ಪನ ಇಡೀ ಕಥೆಗಿಂತ ಜಾಸ್ತಿ ತೂಕದ್ದು, ಮೇಲಾಗಿ ನಿಜ.

ಅಜ್ಜಿಗೆ ಅವರು ಒಮ್ಮೆ ಹೇಳಿದ್ದರಂತಲ್ಲ, "ರಾತ್ರಿ ಲೈಟ್ ಹಾಕದೆ ಓಡಿಸಬೇಕಿತ್ತು" ಅಂತ. ಅಷ್ಟೇ. ಆ ವಾಕ್ಯವನ್ನು ಹಾಗೇ ಇಡಿ, ಅದಕ್ಕೆ ಬಾಂಬು, ಬೆಂಕಿ, ಬೆಳದಿಂಗಳು ಏನನ್ನೂ ಸೇರಿಸಬೇಡಿ. ಬಂದೂಕು ಹಿಡಿದವರಿಗೆ ಗುಂಡು, ಡೀಸೆಲ್, ಊಟ ತಲುಪಬೇಕಾದರೆ ಯಾರೋ ಕತ್ತಲಲ್ಲಿ ಲಾರಿ ಓಡಿಸಲೇಬೇಕಿತ್ತು. ಡ್ರೈವರ್ ಆಗಿದ್ದವರನ್ನು ಮನೆಯವರೇ ಸ್ವಲ್ಪ ಕಡಿಮೆ ಮಾಡಿ ನೋಡುತ್ತಾರೆ, ಅದಕ್ಕೇ ಢಾಕಾದ ಕಥೆ ಕಟ್ಟುತ್ತಾರೆ. ನನಗೆ ಅದು ಬೇಜಾರು.

ಕಾಗದ ಪತ್ರ ಜೋಪಾನ. ಸರ್ಕಾರದ ಹತ್ತಿರ ಇದ್ದೇ ಇರುತ್ತದೆ ಅಂತ ಕೂರಬೇಡಿ. 1973ರ ಜುಲೈಯಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೈನಿಕರ ದಾಖಲೆ ಇಟ್ಟಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 1.6 ರಿಂದ 1.8 ಕೋಟಿ ಫೈಲುಗಳು ಹೋದವು, ಆಮೇಲೆ ಎಷ್ಟೋ ಜನರ ಸೇವೆಗೆ ಪುರಾವೆಯಾಗಿ ಸಿಕ್ಕಿದ್ದು ಮನೆಯವರು ಎತ್ತಿಟ್ಟಿದ್ದ ಡಿಸ್ಚಾರ್ಜ್ ಕಾಗದವೇ. ಸ್ಕ್ಯಾನ್ ಮಾಡಿಸಿ, ಆದರೆ ಲ್ಯಾಮಿನೇಟ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಕಾಗದ ಹಾಳಾಗದಂತೆ ಬಿಡಿಸಿಕೊಳ್ಳುವುದು ಕಷ್ಟ. ಮೆಡಲ್‌ಗಳನ್ನು ಪಳಪಳ ಉಜ್ಜುವುದೂ ಬೇಡ. ಅದರ ಮೇಲೆ ಕೊರೆದಿರುವ ನಂಬರ್, ಹೆಸರು ಸವೆದು ಹೋಗುತ್ತದೆ.

ಇನ್ನು ಅವರ ಸಿಟ್ಟು. ಚಪ್ಪಲಿ ಸಾಲಾಗಿ ಇಡದಿದ್ದರೆ ರೇಗುತ್ತಿದ್ದರು, ಅಪ್ಪನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ಅದನ್ನು ಬರೆಯಬೇಕಾ ಅಂತ ಕೇಳಿದ್ದೀರಿ. ಅಪ್ಪ ಒಪ್ಪಿದರೆ ಬರೆಯಿರಿ. ಇಷ್ಟು ಪ್ರೀತಿಸಿದವರನ್ನು ಪೂರ್ತಿಯಾಗಿ ನೆನೆಯುವುದರಲ್ಲಿ ಅಗೌರವ ಏನಿದೆ?

ಕೊನೆಯದಾಗಿ, ವರ್ಷಕ್ಕೊಮ್ಮೆ ತಾತನಿಗೆ ಫೋನ್ ಮಾಡುತ್ತಿದ್ದ ಅವರ ಯೂನಿಟ್ಟಿನ ಸ್ನೇಹಿತರಿದ್ದಾರೆ ಅಂದಿರಲ್ಲ. ಆಗ ಇಪ್ಪತ್ತೈದರ ಹರೆಯದವರಿಗೆ ಈಗ ಎಂಬತ್ತರ ಆಸುಪಾಸು. ಈ ವಾರವೇ ಅವರಿಗೆ ಫೋನ್ ಮಾಡಿ. ತಾತ ಹೋದ ಸುದ್ದಿ ಅವರಿಗೆ ಗೊತ್ತಾಗಿದೆಯೋ ಇಲ್ಲವೋ, ಮೊದಲು ಅದನ್ನು ಮೆಲ್ಲಗೆ ಹೇಳಿ. ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ. ತಾತ ಆಗ ಹೇಗಿದ್ದರು ಅಂತ ಕೇಳಿ, ಅವರು ಹೇಳಿದಷ್ಟನ್ನು ಬರೆದುಕೊಳ್ಳಿ. ಲೇಖನಕ್ಕೆ ಗಡುವು ಏನೂ ಇಲ್ಲ, ನಾವು ಜಾಗ ಇಟ್ಟಿರುತ್ತೇವೆ.

– ಸಂಪಾದಕ