ಓದುಗರ ಪ್ರಶ್ನೆ: ಕೈ ಆಡಿಸಿದರೆ ಕಂಪ್ಯೂಟರ್ ಕೇಳುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು: ಮುಟ್ಟದೆ, ಬರಿಯ ಕೈಸನ್ನೆಯಿಂದ ಯಂತ್ರವನ್ನು ನಡೆಸುವುದು. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಿನಿಮಾಗಳಲ್ಲಿ ನಾಯಕ ಗಾಳಿಯಲ್ಲಿ ಕೈಯಾಡಿಸಿ ಕಡತಗಳನ್ನು ಅತ್ತಿತ್ತ ಸರಿಸುತ್ತಾನೆ. ನಾನು ಮಾತ್ರ ಇಪ್ಪತ್ತು ವರ್ಷಗಳಿಂದ ಮೌಸ್ ಹಿಡಿದೇ ಲೆಕ್ಕ ಬರೆಯುತ್ತಿದ್ದೇನೆ. ಈ ಮೌಸ್ ಮೂಲೆ ಸೇರುವುದು ಯಾವಾಗ?

ಉತ್ತರ: ಒಂದು ಕೈಯಲ್ಲಿ ಪತ್ರಿಕೆ ಹಿಡಿದುಕೊಳ್ಳಿ. ಇನ್ನೊಂದನ್ನು ಭುಜದ ಎತ್ತರಕ್ಕೆ ಮುಂದಕ್ಕೆ ಚಾಚಿ. ಉತ್ತರ ಮುಗಿಯುವ ತನಕ ಇಳಿಸಬೇಡಿ.

ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ತಂಡ 1964ರಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಕೆಳಗೆ ಎರಡು ಚಕ್ರ, ಮೇಲೊಂದು ಗುಂಡಿ. ಮೌಸ್‌ನ ಬಳಕೆಯನ್ನು ಅವರು ಸಾರ್ವಜನಿಕರ ಮುಂದೆ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಅದು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಅದು ನಮ್ಮ ಸೋಮಾರಿತನಕ್ಕೆ ಒಗ್ಗುತ್ತದೆ ಎಂಬುದೇ. ಮೊಣಕೈ ಮೇಜಿನ ಮೇಲೆ ಒರಗಿರುತ್ತದೆ, ಮಣಿಕಟ್ಟು ಒಂದೆರಡು ಅಂಗುಲ ಜರುಗಿದರೆ ಬಾಣದ ಗುರುತು ಪರದೆಯ ಆಚೆ ತುದಿ ಮುಟ್ಟುತ್ತದೆ. ಗಾಳಿಯಲ್ಲಿ ಅದೇ ಕೆಲಸಕ್ಕೆ ಇಡೀ ತೋಳು ದುಡಿಯಬೇಕು. ನೆಟ್ಟಗೆ ನಿಲ್ಲಿಸಿದ ಸ್ಪರ್ಶಪರದೆಗಳನ್ನು ಬಳಸಿ ತೋಳು ಸೋತವರು ಈ ನೋವಿಗೆ ‘ಗೊರಿಲ್ಲಾ ತೋಳು’ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಸಿನಿಮಾ ನಾಯಕನ ದೃಶ್ಯ ಎರಡು ನಿಮಿಷಕ್ಕೆ ಮುಗಿಯುತ್ತದೆ; ನಿಮ್ಮ ಲೆಕ್ಕ ಸಂಜೆಯವರೆಗೂ ಇರುತ್ತದೆ.

ಈಗ ಕೈ ಇಳಿಸಬಹುದು. ಆಗಲೇ ಇಳಿಸಿದ್ದರೆ ನನ್ನ ಉತ್ತರ ಬೇಕಿರಲಿಲ್ಲ.

ಪ್ರಶ್ನೆ: ಯಂತ್ರ ನಮ್ಮ ಕೈಯನ್ನು ಗುರುತಿಸುವುದು ಹೇಗೆ? ಸುಮ್ಮನೆ ಮೂಗು ತುರಿಸಿಕೊಂಡರೂ ಅದು ಆಜ್ಞೆ ಎಂದುಕೊಳ್ಳುವುದಿಲ್ಲವೇ?

ಉತ್ತರ: ನಿಮ್ಮ ಎರಡನೆಯ ವಾಕ್ಯದಲ್ಲೇ ಈ ವಿದ್ಯೆಯ ಎಲ್ಲ ಕಷ್ಟವೂ ಇದೆ.

ಕೈಯನ್ನು ಕಾಣುವುದು ಈಗ ದೊಡ್ಡ ಮಾತಲ್ಲ. 2010ರ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್‌ನ ವಿಡಿಯೋ ಗೇಮ್ ಉಪಕರಣ ಕಿನೆಕ್ಟ್, ಕೋಣೆಯ ತುಂಬ ಕಣ್ಣಿಗೆ ಕಾಣದ ಅತಿಗೆಂಪು ಚುಕ್ಕೆಗಳನ್ನು ಚೆಲ್ಲುತ್ತಿತ್ತು. ಪಕ್ಕದಲ್ಲಿದ್ದ ಕ್ಯಾಮೆರಾದ ಕಣ್ಣಿಗೆ, ಹತ್ತಿರದ ವಸ್ತುವಿನ ಮೇಲೆ ಬಿದ್ದ ಚುಕ್ಕೆ ಒಂದಿಷ್ಟು ಸರಿದಂತೆ ತೋರುತ್ತದೆ. ಎಷ್ಟು ಸರಿದಿದೆ ಎಂಬುದರಿಂದ ದೂರದ ಲೆಕ್ಕ. ಮೊದಲ 60 ದಿನಗಳಲ್ಲಿ 80 ಲಕ್ಷ ಕಿನೆಕ್ಟ್‌ಗಳು ಮಾರಾಟವಾದವು. 2017ರಲ್ಲಿ ತಯಾರಿಕೆಯೇ ನಿಂತಿತು. ಈಗ ಚುಕ್ಕೆಗಳೂ ಬೇಕಿಲ್ಲ. ಮಾಮೂಲಿ ಮೊಬೈಲ್ ಕ್ಯಾಮೆರಾದ ಚಿತ್ರದಲ್ಲೇ ಗೂಗಲ್‌ನ ಮೀಡಿಯಾಪೈಪ್ ತಂತ್ರಾಂಶ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೊಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ.

ಆದರೆ ಕಂಡ ಮೇಲೆ? ಹತ್ತು ವರ್ಷಗಳ ಹಿಂದೆ ಒಂದು ವಿಜ್ಞಾನ ಪ್ರದರ್ಶನಕ್ಕೆ ನಾನು ಸೌರವ್ಯೂಹದ ಆಟವೊಂದನ್ನು ಮಾಡಿಕೊಟ್ಟಿದ್ದೆ. ಕೈ ಬೀಸಿದರೆ ಮುಂದಿನ ಗ್ರಹ ಬರಬೇಕು. ಮನೆಯಲ್ಲಿ ಒಬ್ಬನೇ ನಿಂತು ನೂರು ಸಲ ಬೀಸಿ ನೋಡಿದ್ದೆ, ಒಂದು ಸಲವೂ ತಪ್ಪಿರಲಿಲ್ಲ. ಪ್ರದರ್ಶನದ ದಿನ ಅಜ್ಜಿಯೊಬ್ಬರು ಮೊಮ್ಮಗನಿಗೆ ಗುರುಗ್ರಹದ ಕೆಂಪು ಮಚ್ಚೆ ತೋರಿಸಲು ಕೈ ಎತ್ತಿದರು. ಗುರು ಹೋಗಿ ಶನಿ ಬಂದ. ‘ಅಯ್ಯೋ, ಇವನನ್ನು ಯಾರು ಕರೆದರು?’ ಎಂದು ಅಜ್ಜಿ ಹಿಂದೆ ಸರಿದು ಕೈ ಝಾಡಿಸಿದರು, ಶನಿಯೂ ಹೋಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯಿಂದ ಬಿಸಿಲು ಬಿದ್ದದ್ದೇ ತಡ, ಕ್ಯಾಮೆರಾ ಕುರುಡಾಯಿತು. ಬಿಸಿಲಿನಲ್ಲೂ ಅತಿಗೆಂಪು ಕಿರಣ ಇರುತ್ತದೆಂಬುದನ್ನು ಪುಸ್ತಕದಲ್ಲಿ ಓದಿದ್ದವನೇ ನಾನು.

ಬಿಸಿಲಿಗೆ ಪರದೆ ಎಳೆದೆವು. ಅಜ್ಜಿಯ ಕೈಗೆ ಏನು ಮಾಡುವುದು? ಮೌಸ್‌ಗೆ ಗುಂಡಿ ಇದೆ; ಒತ್ತದ ಹೊರತು ಅದು ಸುಮ್ಮನಿರುತ್ತದೆ. ಕೈಗೆ ಗುಂಡಿ ಇಲ್ಲ. ನಾವು ಮಾತಾಡುವಾಗ, ಯೋಚಿಸುವಾಗ, ನೊಣ ಓಡಿಸುವಾಗ ಅದು ಆಡುತ್ತಲೇ ಇರುತ್ತದೆ. ಈ ಕ್ಷೇತ್ರದವರು ಇದನ್ನು, ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದು ಪೇಚಿಗೆ ಸಿಕ್ಕ ಗ್ರೀಕ್ ಕಥೆಯ ಮೈಡಾಸ್ ದೊರೆಯ ಹೆಸರಿನಿಂದ ಕರೆಯುತ್ತಾರೆ. ನನಗೆ ಭಸ್ಮಾಸುರನೇ ಹೆಚ್ಚು ಸರಿ ಎನಿಸುತ್ತದೆ. ಅವನಿಗೆ ಸಾಯುವ ಉದ್ದೇಶವಿರಲಿಲ್ಲ, ಕುಣಿತದ ಭರದಲ್ಲಿ ಕೈ ತಲೆಯ ಮೇಲೆ ಹೋಯಿತು. ವರವೋ, ಅದನ್ನೇ ಆಜ್ಞೆಯೆಂದು ಪಾಲಿಸಿತು. ಕೊನೆಗೆ ನಾನು, ಅಂಗೈಯನ್ನು ಒಂದು ಸೆಕೆಂಡ್ ಕದಲದಂತೆ ಹಿಡಿದ ಮೇಲೆಯೇ ಬೀಸಬೇಕು ಎಂಬ ನಿಯಮ ಸೇರಿಸಿದೆ. ಮಕ್ಕಳು ಐದು ನಿಮಿಷದಲ್ಲಿ ಕಲಿತರು. ದೊಡ್ಡವರಿಗೆ ಆ ಒಂದು ಸೆಕೆಂಡ್ ಕಾಯುವ ತಾಳ್ಮೆ ಇರಲಿಲ್ಲ.

ಪ್ರಶ್ನೆ: ಮುಟ್ಟದೆ ನಡೆಸುವ ಮೊದಲ ಯಂತ್ರ ಯಾವುದು?

ಉತ್ತರ: ನನ್ನ ಓಟು ಒಂದು ವಾದ್ಯಕ್ಕೆ. ರಷ್ಯಾದ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ಮಾಡಿದ್ದು, ಅವರ ಹೆಸರೇ ಅದಕ್ಕೂ ಇದೆ. ಒಂದು ಕೈಯನ್ನು ಆಂಟೆನಾದ ಹತ್ತಿರ ದೂರ ಆಡಿಸಿದರೆ ಸ್ವರ ಏರಿಳಿಯುತ್ತದೆ, ಇನ್ನೊಂದು ಕೈಯಿಂದ ದನಿಯ ಜೋರು. ಬಲು ಕಷ್ಟದ ವಾದ್ಯ: ಬೆರಳಿಗೆ ತಂತಿಯಿಲ್ಲ, ಮೆಟ್ಟಿಲಿಲ್ಲ, ಸ್ವರ ಎಲ್ಲಿದೆಯೆಂದು ಕಿವಿಯೇ ಹುಡುಕಬೇಕು.

ಪ್ರಶ್ನೆ: ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಸನ್ನೆಭಾಷೆಯನ್ನು ಮಾತಾಗಿ ಬದಲಿಸುವ ಕೈಗವಸು ಇದೆಯಂತೆ. ಅವಳಿಗೆ ಕೊಡಿಸಲೇ?

ಉತ್ತರ: ಮೊದಲು ತಂಗಿಯನ್ನು ಕೇಳಿ. ಇಂಥ ಕೈಗವಸುಗಳ ಸುದ್ದಿ ಕೆಲವು ವರ್ಷಕ್ಕೊಮ್ಮೆ ಬರುತ್ತದೆ, ಮಾಡುವವರು ಹೆಚ್ಚಾಗಿ ಕಿವಿ ಕೇಳುವವರು. ಸನ್ನೆಭಾಷೆ ಇರುವುದು ಬೆರಳಲ್ಲಿ ಮಾತ್ರವಲ್ಲ. ಹುಬ್ಬು ಏರಿಸಿದರೆ ಹೇಳಿಕೆ ಪ್ರಶ್ನೆಯಾಗಬಹುದು, ತಲೆ ಅಲ್ಲಾಡಿಸಿದರೆ ಅರ್ಥ ತಿರುಗಬಹುದು. ಕೈಗವಸಿಗೆ ಹುಬ್ಬು ಕಾಣುವುದಿಲ್ಲ. ಅವಳ ಮಾತು ನಿಮಗೆ ತಲುಪಿಸುತ್ತದೆ ಎಂದೇ ಇಟ್ಟುಕೊಳ್ಳೋಣ. ನಿಮ್ಮ ಮಾತನ್ನು ಅವಳಿಗೆ ಹೇಳುವವರು ಯಾರು? ಆ ದುಡ್ಡಿನಲ್ಲಿ ನೀವೇ ಸನ್ನೆಭಾಷೆಯ ತರಗತಿಗೆ ಸೇರಿ ಎನ್ನುವುದು ನನ್ನ ಸಲಹೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕೈಸನ್ನೆಯನ್ನೇ ಆರಿಸಿಕೊಂಡಿದ್ದೇನೆ. ಹದಿನೆಂಟು ಸನ್ನೆಗಳನ್ನು ಯೋಚಿಸಿದ್ದೇನೆ. ಈ ವಿದ್ಯೆಗೆ ಭವಿಷ್ಯ ಇದೆಯೇ, ಸರ್?

ಉತ್ತರ: ಇದೆ, ಆದರೆ ಕೈ ಬೀಸುವುದರಲ್ಲಿ ಅಲ್ಲ. 1980ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಿಚರ್ಡ್ ಬೋಲ್ಟ್ ತೋರಿಸಿದ ಪ್ರಯೋಗವನ್ನು ಹುಡುಕಿ ನೋಡಿ. ಕುರ್ಚಿಯಲ್ಲಿ ಕುಳಿತವನು ಗೋಡೆಯಗಲದ ಪರದೆಗೆ ಬೆರಳು ತೋರಿಸಿ ‘ಅದನ್ನು ಅಲ್ಲಿಡು’ ಎನ್ನುತ್ತಾನೆ. ಯಾವುದು, ಎಲ್ಲಿ ಎಂಬುದನ್ನು ಬೆರಳು ಹೇಳಿತು. ಏನು ಮಾಡಬೇಕೆಂಬುದನ್ನು ಬಾಯಿ ಹೇಳಿತು. ನಾವು ಮನುಷ್ಯರೊಡನೆಯೂ ಹಾಗೆಯೇ ತಾನೆ ಮಾತಾಡುವುದು? 2024ರಲ್ಲಿ ಬಂದ, ಕಣ್ಣಿಗೆ ತೊಡುವ ಕಂಪ್ಯೂಟರ್ ಆದ ಆಪಲ್‌ನ ವಿಷನ್ ಪ್ರೊದಲ್ಲಿ ಬಾಯಿಯ ಬದಲು ಕಣ್ಣು: ನೋಡಿದ್ದೇ ಆಯ್ಕೆ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿದರೆ ಒಪ್ಪಿಗೆ. ಕೈ ತೊಡೆಯ ಮೇಲೆಯೇ ಇರಬಹುದು. ಮೆಟಾ 2025ರಲ್ಲಿ ಕನ್ನಡಕದೊಂದಿಗೆ ಕೊಟ್ಟ ಮಣಿಕಟ್ಟಿನ ಪಟ್ಟಿಗೆ ಕ್ಯಾಮೆರಾವೂ ಬೇಡ. ಬೆರಳಾಡಿಸುವಾಗ ಸ್ನಾಯುಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತವನ್ನೇ ಅದು ಓದುತ್ತದೆ. ವರ್ಷದಿಂದ ವರ್ಷಕ್ಕೆ ಸನ್ನೆ ಚಿಕ್ಕದಾಗುತ್ತಿರುವುದನ್ನು ಗಮನಿಸಿ.

ನಿಮ್ಮ ಹದಿನೆಂಟರಲ್ಲಿ ಮೂರನ್ನು ಉಳಿಸಿಕೊಳ್ಳಿ. ಅವುಗಳಲ್ಲಿ ಒಂದು ‘ಈಗ ಮಾಡಿದ್ದನ್ನು ರದ್ದುಮಾಡು’ ಎಂಬುದಿರಲಿ. ಪ್ರಾಜೆಕ್ಟ್ ಸಿದ್ಧವಾದ ಮೇಲೆ ಗೆಳೆಯರಿಗೆ ತೋರಿಸುವ ಮೊದಲು ನಿಮ್ಮ ಅಜ್ಜಿಯನ್ನು ಅದರ ಮುಂದೆ ನಿಲ್ಲಿಸಿ.